ಖಂಡೇನವಮಿಯ ಪೂಜೆಗೆ ಕೂತ ಗೇಮ್

ನನ್ನ ನಾದಿನಿ ಅಕ್ಕವ್ವನಿಗೆ ಲಕ್ವಾ ಹೊಡೆಯಿತು ಎಂದು ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅಕ್ಕವ್ವನೇ ಲಕ್ವಾಕ್ಕೆ ಹೊಡೆದಳು. ಅದು ಪಾಪ, ತಿಳಿಯದೆ ಗಡಹಿಂಗ್ಲಜದ ಅವಳ ಮನೆಯೊಳಗೆ ಹೊಕ್ಕಿತ್ತು. ಇವಳ ಬಾಯಿ ಕೇಳಿ ಹೆದರಿ, ಓಡುವ ಅವಸರದಲ್ಲಿ ಸಿಕ್ಕದ್ದೊಂದನ್ನು ಎತ್ತಿಕೊಂಡು ಹೋಯಿತು. ಸಿಕ್ಕದ್ದು ಅವಳ ಬಲಗೈ. ಬಾಯಿಯನ್ನು ಒಯ್ದಿದ್ದರೆ ಗಡಹಿಂಗ್ಲಜದವರು ಅದಕ್ಕೊಂದು ಗುಡಿ ಕಟ್ಟಿಸುತ್ತಿದ್ದರು.

ಅಕ್ಕವ್ವ ನನ್ನ ಗಂಡನ ತಂಗಿ. ನನ್ನ ಗಂಡ ತೀರಿಕೊಳ್ಳುವಾಗ ನನಗೆ ಬಿಟ್ಟುಹೋದ ಆಸ್ತಿ ಎಂದರೆ ಇಚಲಕರಂಜಿಯ ಮನೆಯಲ್ಲಿರುವ ಎರಡು ಮಗ್ಗ ಮತ್ತು ಈ ತಂಗಿ. ಮಗ್ಗಗಳು ಕಡಿಮೆ ಸದ್ದು ಮಾಡುತ್ತವೆ.

ಅವಳನ್ನು ಕೊಲ್ಹಾಪುರದ ದವಾಖಾನೆಗೆ ಹಾಕಿದಾಗ ನಾನು ಎಸ್‌ಟಿ ಬಸ್ಸು ಹಿಡಿದು ನೋಡಲು ಹೋದೆ. ಹಾಸಿಗೆಯ ಮೇಲೆ ಕೂತು ಪಕ್ಕದ ಹಾಸಿಗೆಯವಳಿಗೆ ಸಾರಿಗೆ ಎಷ್ಟು ಕೊಬ್ಬರಿ ಹಾಕಬೇಕು ಎಂದು ಬೈಯುತ್ತಿದ್ದಳು. ಜೀವಕ್ಕೆ ಅಪಾಯವಿಲ್ಲ ಎಂದು ನನಗೆ ಅಲ್ಲೇ ತಿಳಿಯಿತು. ಡಾಕ್ಟರು ಒಳ್ಳೆಯ ಹುಡುಗ. ಕೈ ಸತ್ತಿಲ್ಲ ಆಜಿ, ನಿದ್ದೆ ಮಾಡಿದೆ, ಎಬ್ಬಿಸಬೇಕು, ದಿನಾ ಬೆರಳಿಗೆ ಕೆಲಸ ಕೊಡಬೇಕು, ಕೊಡದಿದ್ದರೆ ಹಾಗೇ ಉಳಿದುಬಿಡುತ್ತದೆ ಎಂದು ಮರಾಠಿಯಲ್ಲಿ ಬಿಡಿಸಿ ಹೇಳಿ, ಹಿಚುಕಲು ಒಂದು ರಬ್ಬರ್ ಚೆಂಡು ಕೊಟ್ಟ. ಟೊಮ್ಯಾಟೊ ಗಾತ್ರದ್ದು. ಅಕ್ಕವ್ವ ಅದನ್ನು ಮನೆಗೆ ತಂದು ಕರುವಿನ ಗೋದಲಿಗೆ ಎಸೆದಳು. ಕೈ ತಿಕ್ಕಲು ಮಗ ಸಿದ್ಧಲಿಂಗ ಒಬ್ಬ ತರಬೇತಾದ ಗಂಡಸನ್ನು ಕರೆತಂದ. ಮದುವೆಯ ದಿನ ಬಿಟ್ಟರೆ ನನ್ನ ಗಂಡನೇ ಈ ಕೈ ಹಿಡಿದಿಲ್ಲ, ಇವ ಯಾರು ಹಿಡಿಯಲು ಎಂದು ಅವನನ್ನು ಓಡಿಸಿದಳು. ಆ ಮನುಷ್ಯ ಓಡಿದ ರಭಸಕ್ಕೆ ಸಂಕೇಶ್ವರ ದಾಟಿ ಬೆಳಗಾವಿಯಲ್ಲಿ ನಿಂತನಂತೆ.

ಗಣಪತಿ ಹೋದ ಮರುವಾರ ಅಕ್ಕವ್ವನ ಸೊಸೆ ಕಾಂಚನಾಳ ಫೋನು ಬಂತು. ಕಾಂಚನ ಸಣ್ಣ ಮಾತಿಗೆ ಅಳುವವಳಲ್ಲ. ಆ ಮನೆಯಲ್ಲಿ ಹಾಗಿದ್ದರೆ ಬಾಳಲು ಆಗುವುದಿಲ್ಲ. ಅವತ್ತು ಮಾತ್ರ ದನಿ ಒದ್ದೆಯಾಗಿತ್ತು.

"ಅತ್ತಿ ಈ ಸರ್ತಿ ಬನ್ನಿ ಕೊಡಂಗಿಲ್ಲ ಅಂತಾರ್ರಿ, ಮಾಮಿ," ಎಂದಳು. "ದಸರಾದ ಸಂಜೀಕ ಬಾಗಲಾ ಹಾಕಾಕ ಹೇಳ್ಯಾರ."

ಇದು ಎಂಥ ಮಾತೆಂದು ಆ ಓಣಿ ನೋಡಿದವರಿಗೇ ಗೊತ್ತು. ದಸರೆಯ ಸಂಜೆ ಅಲ್ಲಿನ ಗಂಡಸರು, ಹೆಂಗಸರು, ಮಕ್ಕಳು ಬನ್ನಿ ಮುಡಿದು ಬಂದರೆ ಮೊದಲು ನಿಲ್ಲುವುದು ಅಕ್ಕವ್ವನ ಬಾಗಿಲಲ್ಲಿ. ಅವಳು ಹಿರಿಯಳು. ಕಟ್ಟೆಯ ಮೇಲೆ ನಿಂತು ಒಬ್ಬೊಬ್ಬರ ಕೈಗೆ ಎಲೆ ಇಟ್ಟು, ಜೊತೆಗೆ ಒಂದೊಂದು ಟೋಮಣೆಯನ್ನೂ, ಅಂದರೆ ಚುಚ್ಚುಮಾತನ್ನೂ, ಇಡುತ್ತಾಳೆ. ಎಲೆ ಬಂಗಾರ, ಮಾತು ಖಾರ. ಎರಡೂ ಸಿಗದೆ ಆ ಓಣಿಯಲ್ಲಿ ಯಾರಿಗೂ ಹಬ್ಬ ಆದಂತಲ್ಲ. ಆದರೆ ಬನ್ನಿಯನ್ನು ಎಡಗೈಯಿಂದ ಕೊಡಲು ಬರುವುದಿಲ್ಲ. ಎಡಗೈ ಯಾವುದಕ್ಕೆಂದು ಎಲ್ಲರಿಗೂ ಗೊತ್ತು. ಊಟಕ್ಕೂ ಅವಳು ಈಗ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂರುತ್ತಾಳೆ ಎಂದು ಕಾಂಚನ ಹೇಳಿದಳು. ಚೆಂಡು ತಂದುಕೊಟ್ಟರೆ, ನಾನೇನು ಕೂಸೇ ಎನ್ನುತ್ತಾಳೆ. ಬೆರಳು ಆಡಿಸಿರಿ ಎಂದರೆ, ಆಡದಿರುವುದನ್ನು ಆಡಿಸಿ ಯಾರಿಗೆ ತೋರಿಸಲಿ ಎನ್ನುತ್ತಾಳೆ.

ನಾನು ಫೋನಿಟ್ಟು ವಿಚಾರ ಮಾಡಿದೆ. ಅಕ್ಕವ್ವನಿಗೆ ಮಾಡು ಎಂದರೆ ಮಾಡುವುದಿಲ್ಲ. ಬೇಡ ಎಂದರೂ ಮಾಡುವುದಿಲ್ಲ. ನಿನ್ನಿಂದ ಆಗುವುದಿಲ್ಲ ಎಂದು ನಾನು ಹೇಳಿದರೆ ಮಾತ್ರ ಪರ್ವತವನ್ನೂ ಹೊತ್ತು ತರುತ್ತಾಳೆ. ಯಾವ ವಿಷಯದಲ್ಲಿ ಹೇಳಬೇಕು ಎಂಬುದಷ್ಟೇ ಉಳಿದದ್ದು. ಅದು ನಮ್ಮ ಮನೆಯ ಮುಂಭಾಗದಲ್ಲೇ ಸಿಕ್ಕಿತು.

ಅಲ್ಲಿ ಮೊಮ್ಮಗಳು ಕಾಜಲ ಮೊಬೈಲ್ ರಿಪೇರಿಯ ಅಂಗಡಿ ಇಟ್ಟಿದ್ದಾಳೆ. ಹಿಂದೆ ನನ್ನ ಮಗ, ಅವಳಪ್ಪ, ನಡೆಸುವ ಮಗ್ಗಗಳು ಬಡಿದುಕೊಳ್ಳುತ್ತವೆ, ಮುಂದೆ ಇವಳು ಕೂದಲಿಗಿಂತ ಸಣ್ಣ ತಂತಿಗೆ ಬೆಸುಗೆ ಹಾಕುತ್ತಾಳೆ. ಅವಳಿಗೊಂದು ಹುಚ್ಚು. ಅಂಗೈಯಲ್ಲಿ ಹಿಡಿದು ಆಡುವ ಹಳೆಯ ಗೇಮ್ ಡಬ್ಬಿಗಳನ್ನು ಕೊಲ್ಹಾಪುರದಿಂದ ಸತ್ತದ್ದೋ ಅರೆಸತ್ತದ್ದೋ ನೋಡದೆ ಕೊಂಡು ತರುತ್ತಾಳೆ. ಒಂದರ ಪರದೆ, ಇನ್ನೊಂದರ ಗುಂಡಿ, ಮತ್ತೊಂದರ ಮೈ ಕೂಡಿಸಿ ಜೀವ ಬರಿಸುತ್ತಾಳೆ. ಆಮೇಲೆ ಅದರೊಳಗೆ ಅದಕ್ಕಿಂತಲೂ ಹಳೆಯ ಆಟಗಳನ್ನು ತುಂಬುತ್ತಾಳೆ. ಕೊಳ್ಳುವವರು ಹೊಟ್ಟೆ ಬಂದ ಗಂಡಸರು. ಚಿಕ್ಕವರಿದ್ದಾಗಿನ ಆಟದ ಸಂಗೀತ ಕೇಳಿದೊಡನೆ ಅಂಗಡಿಯಲ್ಲೇ ಕಣ್ಣು ಒರೆಸಿಕೊಳ್ಳುತ್ತಾರೆ. ಒಬ್ಬನ ಕಣ್ಣೀರಿಗೆ ನಾನು ಬಕೆಟ್ ಇಟ್ಟಿದ್ದೇನೆ.

ಅದು ಹೇಗೆ ನಡೆಯುತ್ತದೆ ಎಂದು ನಾನೊಮ್ಮೆ ಕೇಳಿದ್ದೆ. ಡಬ್ಬಿ ಮಾಡಿದ ಕಂಪನಿ ಅದಕ್ಕೊಂದು ಬೀಗ ಹಾಕಿರುತ್ತದಂತೆ, ತನ್ನ ಆಟ ಬಿಟ್ಟು ಬೇರೆಯದು ನಡೆಯದಂತೆ. ಕಾಜಲ ಆ ಬೀಗ ತೆಗೆದು ಎಮ್ಯುಲೇಟರ್ ಎಂಬುದನ್ನು ಒಳಗೆ ಕೂರಿಸುತ್ತಾಳೆ. ಬಯಲಾಟದಲ್ಲಿ ಮೀಸೆ ಬೋಳಿಸಿದ ಗಂಡಸು ಸೀರೆ ಉಟ್ಟು ರಾಣಿಯಾಗುತ್ತಾನಲ್ಲ, ಹಾಗೆ ಹೊಸ ಡಬ್ಬಿ ಹಳೆಯ ಡಬ್ಬಿಯ ವೇಷ ಹಾಕುತ್ತದೆ. ಒಳಗಿನ ಆಟಕ್ಕೆ ಮೋಸ ತಿಳಿಯುವುದಿಲ್ಲ. ತನ್ನ ಮನೆಯಲ್ಲೇ ಇದ್ದೇನೆ ಎಂದುಕೊಂಡು ಖುಷಿಯಿಂದ ಓಡುತ್ತದೆ.

ಆ ಹಳೆಯ ಆಟಗಳಲ್ಲಿ ಒಂದು ನನ್ನದು, ಅಕ್ಕವ್ವನದು. ಕಾಜಲಳ ಅಪ್ಪ ಚಿಕ್ಕವನಿದ್ದಾಗ ನಮ್ಮ ಮನೆಗೆ ಟಿವಿಗೆ ಹಚ್ಚುವ ಗೇಮ್ ಬಂದಿತ್ತು. ಹಳದಿ ಕ್ಯಾಸೆಟ್ಟು, ಎರಡು ವೈರಿನ ರಿಮೋಟು. ಮಕ್ಕಳಿಗೆಂದು ತಂದದ್ದು, ಮಕ್ಕಳ ಕೈಗೆ ಸಿಕ್ಕಿದ್ದು ಕಡಿಮೆ. ಪಂಚಮಿಗೆ ತವರಿಗೆ ಬಂದ ಅಕ್ಕವ್ವ ಜೋಕಾಲಿ ಬಿಟ್ಟು ಟ್ಯಾಂಕಿನ ಆಟಕ್ಕೆ ಕೂತಳು. ಇಟ್ಟಿಗೆ ಗೋಡೆಗಳ ನಡುವೆ ಒಂದು ಹಕ್ಕಿ ಇರುತ್ತದೆ. ವೈರಿ ಟ್ಯಾಂಕುಗಳು ಮೇಲಿನಿಂದ ಬರುತ್ತವೆ. ನಮ್ಮ ಟ್ಯಾಂಕು ಗುಂಡು ಹಾರಿಸಿ ಹಕ್ಕಿಯನ್ನು ಕಾಯಬೇಕು. ಅಕ್ಕವ್ವ ವೈರಿಗಳನ್ನೂ ಹೊಡೆಯುತ್ತಿದ್ದಳು, ಮಧ್ಯೆ ಮಧ್ಯೆ ನನ್ನ ಟ್ಯಾಂಕಿಗೂ ಒಂದು ಬಿಡುತ್ತಿದ್ದಳು. ಕಣ್ಣು ತಪ್ಪಿತು ಎನ್ನುತ್ತಿದ್ದಳು. ಅವಳ ಕಣ್ಣು ತಪ್ಪಿದ್ದನ್ನು ನಾನು ಜೀವಮಾನದಲ್ಲಿ ಕಂಡಿಲ್ಲ.

ಕಾಜಲಳಿಗೆ ವಿಷಯ ಹೇಳಿದೆ. ಅವಳು ಕಪಾಟಿನಿಂದ ಒಂದು ಡಬ್ಬಿ ತೆಗೆದು, ಟ್ಯಾಂಕಿನ ಆಟ ಹಾಕಿ, ನನ್ನ ಕೈಗಿಟ್ಟಳು. ಎಡ ಹೆಬ್ಬೆರಳಿಗೆ ದಾರಿ ತಿರುಗಿಸುವ ಗುಂಡಿ, ಬಲ ಹೆಬ್ಬೆರಳಿಗೆ ಗುಂಡು ಹಾರಿಸುವ ಗುಂಡಿ. ನನಗೆ ಬೇಕಾದದ್ದು ಅದೇ.

"ಒಂದ ಮಾತ ನೆನಪಿಡು, ಆಯಿ," ಎಂದಳು. "ಈ ಮಾಡೆಲ್ಲಿನ ಬೀಗ ಖಾಯಂ ತಗಿಯಾಕ ಬರಂಗಿಲ್ಲ. ಪೂರ್ತಿ ಬಂದಾತಂದ್ರ ತಾನ ಮತ್ತ ಬೀಗ ಹಾಕ್ಕೋತೈತಿ. ಅದಕ್ಕ ಬಂದ್ ಮಾಡಬ್ಯಾಡ, ಮಲಗಿಸು. ಬ್ಯಾಟರಿ ಮುದಿ, ಚಾರ್ಜಿಗೆ ಹಚ್ಚೇ ಇಡು."

ಮುದಿಯದನ್ನು ಹಚ್ಚಿ ಇಡಬೇಕು ಎಂಬುದು ನನಗೆ ಕಲಿಸಬೇಕಾದ ಪಾಠವಲ್ಲ. ಬೆಳಗಿನ ಗಾಡಿಗೆ ಗಡಹಿಂಗ್ಲಜಕ್ಕೆ ಹೊರಟೆ.

ಅಕ್ಕವ್ವ ಕಟ್ಟೆಯ ಮೇಲೆ ಕೂತಿದ್ದಳು. ಬಲಗೈ ಸೆರಗಿನೊಳಗೆ. ಹೆಣ ನೋಡಲು ಬಂದೆಯಾ ಎಂದಳು. ನಾನು, ಹೆಣ ಇಷ್ಟು ಮಾತಾಡುವುದಿಲ್ಲ ಎಂದೆ. ಕೈ ಹೇಗಿದೆ ಎಂದು ಕೇಳಲೇ ಇಲ್ಲ. ಚಹಾ ಕುಡಿದು, ಕಾಲು ಚಾಚಿ, ಡಬ್ಬಿ ತೆಗೆದು ಆಡಲು ಶುರು ಮಾಡಿದೆ. ಆ ಹಳೆಯ ಸಂಗೀತ ಬಂತು. ಅಕ್ಕವ್ವನ ಕುತ್ತಿಗೆ ಗೂಗೆಯಂತೆ ನನ್ನ ಕಡೆ ತಿರುಗಿತು. ನಾನು ನೋಡದವಳಂತೆ ಆಡುತ್ತಲೇ ಇದ್ದೆ, ಸೋಲುತ್ತಲೂ ಇದ್ದೆ. ಅದೇನು ನಾಟಕವಲ್ಲ, ನಾನು ಮೊದಲಿನಿಂದಲೂ ಸೋಲುವವಳು.

"ಬಲಕ್ಕ ಹೊಡಿ," ಎಂದಳು ಅಕ್ಕವ್ವ. ಸ್ವಲ್ಪ ಹೊತ್ತಿಗೆ, "ಹಿಂದ ಬಂತು ನೋಡು." ಆಮೇಲೆ, "ಕಣ್ಣ ಎಲ್ಲಿ ಒತ್ತಿ ಇಟ್ಟೀ, ವೈನಿ?"

"ನೀ ಬಾಯಿಲೆ ಆಡ್ತೀ, ನಾ ಕೈಲೆ ಆಡ್ತೀನಿ," ಎಂದೆ. "ಈಗ ಇಡೀ ಇಚಲಕರಂಜಿಗೆ ನಾನ ಚಾಂಪಿಯನ್. ನಿನ್ನ ಕಾಲ ಮುಗೀತು, ಬಿಡು."

ಅವಳು ಎಡಗೈ ಚಾಚಿ ಡಬ್ಬಿಯನ್ನು ಕಸಿದುಕೊಂಡಳು.

ಮೊದಲ ದಿನಗಳು ನೋಡುವಂತಿದ್ದವು. ತೊಡೆಯ ಮೇಲೆ ಡಬ್ಬಿ. ಎಡಗೈ ಚುರುಕು, ಟ್ಯಾಂಕು ಬೇಕಾದಲ್ಲಿ ಹೋಗುತ್ತಿತ್ತು. ಗುಂಡು ಮಾತ್ರ ಹಾರುತ್ತಿರಲಿಲ್ಲ, ಬಲ ಹೆಬ್ಬೆರಳು ಗುಂಡಿಯ ಮೇಲೆ ಹಳೆ ಅಳಿಯನಂತೆ ಸುಮ್ಮನೆ ಕೂತಿರುತ್ತಿತ್ತು. ವೈರಿಗಳು ಬಂದು ಅವಳ ಟ್ಯಾಂಕನ್ನು ಸುಟ್ಟು ಹಕ್ಕಿಯನ್ನು ಕೊಂದು ಹೋಗುತ್ತಿದ್ದರು. ನೀನು ನಡೆಸುತ್ತಿರುವುದು ಯುದ್ಧದ ಟ್ಯಾಂಕಲ್ಲ, ನೀರಿನ ಟ್ಯಾಂಕರು ಎಂದೆ. ಬೇಕಾದರೆ ಗುಂಡು ನಾನು ಹಾರಿಸಿಕೊಡುತ್ತೇನೆ ಎಂದೆ. ನಿನ್ನ ಕೈಯಲ್ಲಿ ಗುಂಡು ಹಾರಿಸಿಕೊಂಡು ಗೆಲ್ಲುವುದಕ್ಕಿಂತ ಸಾಯುವುದು ಮೇಲು ಎಂದಳು. ಮತ್ತೆ ಮತ್ತೆ ಸತ್ತಳು. ಆ ವಾರದಲ್ಲಿ ಅವಳು ಸತ್ತಷ್ಟು ಸಲ ಮನುಷ್ಯಕುಲವೇ ಸತ್ತಿಲ್ಲ.

ನಂತರ ಒಂದು ಮಧ್ಯಾಹ್ನ ಟಪ್ ಎಂದು ಒಂದು ಗುಂಡು ಹಾರಿತು. ಗೋಡೆಗೆ ಬಿತ್ತು, ಯಾರೂ ಸಾಯಲಿಲ್ಲ. ಅಕ್ಕವ್ವ ನನ್ನ ಮುಖ ನೋಡಿದಳು. ನಾನು ಅಡಕೆ ಕತ್ತರಿಸುತ್ತಿದ್ದೆ. ನೋಡಿದೆ ಎಂದು ತಿಳಿದರೆ ಅಲ್ಲಿಗೇ ಬಿಟ್ಟುಬಿಡುವ ಜಾತಿ ಅದು. ನವರಾತ್ರಿಯ ಮೊದಲ ದಿನ ಘಟ್ಟ ಹಾಕುವ ಹೊತ್ತಿಗೆ ಹೆಬ್ಬೆರಳು ನಾಲ್ಕು ಸಲಕ್ಕೊಮ್ಮೆ ಮಾತು ಕೇಳುತ್ತಿತ್ತು. ನವರಾತ್ರಿಯ ನಡುವೆ ಎರಡಕ್ಕೊಮ್ಮೆ. ಡಬ್ಬಿ ಹಿಡಿಯಲು ಉಳಿದ ಬೆರಳುಗಳೂ ತಾವಾಗಿಯೇ ಮಡಿಚತೊಡಗಿದ್ದವು. ಕಾಂಚನ ಬಾಗಿಲ ಸಂದಿಯಿಂದ ನೋಡಿ ಕೆನ್ನೆ ಬಡಿದುಕೊಂಡಳು. ಬಾಯಿ ಬಿಟ್ಟರೆ ಜೋಕೆ ಎಂದು ನಾನು ಕಣ್ಣಲ್ಲೇ ಹೇಳಿದೆ. ಆದರೆ ಬನ್ನಿಯ ಮಾತನ್ನು ಅಕ್ಕವ್ವ ಹಿಂದೆ ತೆಗೆದುಕೊಳ್ಳಲಿಲ್ಲ. ಕೇಳಿದರೆ, ಗುಂಡಿ ಒತ್ತುವುದು ಬೇರೆ, ಹತ್ತು ಮಂದಿಯ ಮುಂದೆ ಎಲೆ ಎತ್ತಿ ಕೊಡುವುದು ಬೇರೆ ಎಂದಳು. ಎಲೆ ಜಾರಿ ಬಿದ್ದರೆ ಓಣಿಯೇ ಅಯ್ಯೋ ಪಾಪ ಅನ್ನುತ್ತದೆ. ಅಕ್ಕವ್ವ ಎಲ್ಲವನ್ನೂ ತಡೆದುಕೊಂಡಾಳು, ಅಯ್ಯೋ ಪಾಪವನ್ನು ತಡೆದುಕೊಳ್ಳುವವಳಲ್ಲ.

ಹೀಗಿರುವಾಗ ಖಂಡೇನವಮಿ ಬಂತು.

ಅವತ್ತು ಆಯುಧ ಪೂಜೆ. ನಮಗೆ ಆಯುಧವೆಂದರೆ ಕತ್ತಿ ಗುರಾಣಿಯಲ್ಲ, ಅನ್ನ ಕೊಡುವ ಸಾಮಾನು. ಸಿದ್ಧಲಿಂಗನದು ಮೆಣಸಿನಕಾಯಿ ಅಡತಿ ವ್ಯಾಪಾರ. ಪಡಸಾಲೆಯಲ್ಲಿ ಅವನು ತಕ್ಕಡಿ, ಕಲ್ಲು, ಕುಡಗೋಲು, ಕೊಡಲಿ ಎಲ್ಲ ತೊಳೆದು ಸಾಲಾಗಿ ಇಟ್ಟ. ಕಾಂಚನ ಮಿಕ್ಸರ್ ಇಟ್ಟಳು. ಒಮ್ಮೆ ಅರಿಷಿಣ ಕುಂಕುಮ ಬಿತ್ತೆಂದರೆ ಮರುದಿನ ಬೆಳಗಿನ ಪೂಜೆಯವರೆಗೆ ಯಾವುದನ್ನೂ ಮುಟ್ಟುವಂತಿಲ್ಲ, ದುಡಿಸುವಂತಿಲ್ಲ. ಇಚಲಕರಂಜಿಯಲ್ಲೂ ಅವತ್ತು ಮಗ್ಗ ಬಾಯಿ ಮುಚ್ಚಿರುತ್ತದೆ. ಆ ಮೌನಕ್ಕೆ ಜನರಿಗೆ ನಿದ್ದೆಯೇ ಬರುವುದಿಲ್ಲ.

ಅಕ್ಕವ್ವ ಅವತ್ತು ಬೆಳಗ್ಗೆಯಿಂದ ಆಡುತ್ತಿದ್ದಳು. ನಾವಿಬ್ಬರೂ ಯಾವತ್ತೂ ಕಾಣದ ಮಟ್ಟಕ್ಕೆ ಹೋಗಿದ್ದಳು. ಸಿದ್ಧಲಿಂಗ ಆರತಿ ತಂದಾಗ ಆಟವನ್ನು ಅಲ್ಲೇ ಮಲಗಿಸಿ, ಎದ್ದು, ಡಬ್ಬಿಯನ್ನು ತಕ್ಕಡಿಯ ಪಕ್ಕದಲ್ಲಿ ಇಟ್ಟಳು.

"ಅವ್ವಾ, ಅದು ಆಟಗಿ ಸಾಮಾನ," ಎಂದ ಸಿದ್ಧಲಿಂಗ.

"ಈ ಕೈಗೆ ಕೆಲಸಾ ಕೊಟ್ಟದ್ದು ಯಾವದು? ನಿನ್ನ ತಕ್ಕಡೇನು? ಇದಕ್ಕ ಮದಲ ಹಚ್ಚು ಕುಂಕುಮ," ಎಂದಳು.

ಅವನು ಹಚ್ಚಿದ. ಪರದೆಗೆ ಕುಂಕುಮ, ಗುಂಡಿಗಳಿಗೆ ಅರಿಷಿಣ, ತಲೆಯ ಮೇಲೆ ಚೆಂಡು ಹೂವು. ನಾನು ಚಾರ್ಜರಿನ ವೈರು ಹಿಡಿದು ಬಂದೆ. ಬ್ಯಾಟರಿ ಮುದಿ, ಪೂರ್ತಿ ಬಂದಾದರೆ ಬೀಗ ಬೀಳುತ್ತದೆ, ಹಚ್ಚೇ ಇಡಬೇಕು ಎಂದೆ. ಪೂಜೆಗೆ ಕೂತದ್ದಕ್ಕೆ ಕರೆಂಟು ಕುಡಿಸುವುದೂ ದುಡಿಸಿದಂತೆಯೇ ಎಂದಳು ಅಕ್ಕವ್ವ. ಎತ್ತಿನ ಪೂಜೆ ಮಾಡಿದ ದಿನ ಎತ್ತಿಗೆ ಮೇವು ಹಾಕುವುದಿಲ್ಲವೇ ಎಂದು ಕೇಳಿದೆ. ಎತ್ತಿಗೆ ಹಸಿವೆ ಇದೆ, ಕಬ್ಬಿಣಕ್ಕೆ ಎಲ್ಲಿಯ ಹಸಿವೆ ಎಂದಳು. ಸಿದ್ಧಲಿಂಗನ ಕಡೆ ನೋಡಿದೆ. ಅವನು ತೆಂಗಿನಕಾಯಿಯ ಕಡೆ ನೋಡಿದ. ಆ ಮನೆಯಲ್ಲಿ ಗಂಡಸರು ಅದೇ ಕಡೆ ನೋಡುತ್ತಾರೆ. ವೈರು ಗೂಟಕ್ಕೆ ಹೋಯಿತು.

ದಸರೆಯ ಬೆಳಗ್ಗೆ ಪೂಜೆ ಕದಲಿಸಿದ ಕೂಡಲೇ ಅಕ್ಕವ್ವ ಡಬ್ಬಿ ಎತ್ತಿಕೊಂಡಳು. ಕಪ್ಪು ಪರದೆ. ಸ್ವಿಚ್ಚಿನ ಖಟಕಿ ಸರಿಸಿದರೂ ಕಪ್ಪು. ಕಾಂಚನ ಓಡಿ ಚಾರ್ಜಿಗೆ ಹಚ್ಚಿದಳು. ಅಡುಗೆ ಒಂದು ಹದಕ್ಕೆ ಬರುವಷ್ಟು ಹೊತ್ತು ಕಾದು ತೆರೆದರೆ ಬೆಳಕು ಬಂತು, ಆಟ ಬರಲಿಲ್ಲ. ಬಣ್ಣದ ಚಿತ್ರಗಳಿದ್ದ ಜಾಗದಲ್ಲಿ ಬೂದಿ ಬಣ್ಣದ ಚೌಕಗಳು. ನಮಗೆ ಓದಲು ಬರುವುದಿಲ್ಲ, ಕಾಂಚನ ಓದಿದಳು. ಡೇಟಾ ಕೆಟ್ಟಿದೆ ಎಂದು ಬರೆದಿತ್ತು. ಎಲ್ಲದರ ಕೆಳಗೂ ಅದೇ.

ಅಕ್ಕವ್ವ ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ. ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟು ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ದೇವರಿಗೆ ಇಟ್ಟದ್ದನ್ನ ದೇವರು ತಗೊಂಡ," ಎಂದಳು. "ಸಾಕಿನ್ನ. ಸಂಜೀಕ ಬಾಗಲಾ ಹಾಕ್ರಿ."

ಇದು ದೇವರ ಕೆಲಸವಲ್ಲ, ಕಂಪನಿಯ ಬೀಗದ ಕೆಲಸ, ಕಾಜಲ ಮೊದಲೇ ಹೇಳಿದ್ದಳು ಎಂದು ನಾನು ಮತ್ತೆ ಹೇಳಿದೆ. ಅಕ್ಕವ್ವ ಗೋಡೆಯ ಕಡೆ ತಿರುಗಿದಳು. ನಿನ್ನ ಮಾತಿನಲ್ಲಿ ಹತ್ತರಲ್ಲಿ ಒಂಬತ್ತು ಗಾಳಿ, ಉಳಿದ ಒಂದು ಯಾವುದೆಂದು ನಾನು ಹೇಗೆ ಹುಡುಕಲಿ ಎಂದಳು. ಅದು ಸುಳ್ಳು. ಹತ್ತರಲ್ಲಿ ಎಂಟು.

ಈಗ ಕಾಜಲಳೇ ಬೇಕು. ಫೋನು ಮಾಡಿದರೆ ಎತ್ತಲಿಲ್ಲ. ಅವಳು ಗೆಳತಿ ಸಾಯಲಿಯ ಜೊತೆ ಕೊಲ್ಹಾಪುರದ ದಸರಾ ಚೌಕಕ್ಕೆ ಸೋನ ಲೂಟುವುದನ್ನು, ಅಂದರೆ ಬನ್ನಿ ಎಲೆಯ ಬಂಗಾರ ದೋಚುವುದನ್ನು, ನೋಡಲು ಹೋಗಿದ್ದಾಳೆ ಎಂದು ಅವಳಪ್ಪ ಹೇಳಿದ. ಆ ಚೌಕದಲ್ಲಿ ದಸರೆಯ ದಿನ ಇರುವೆ ಹೊಕ್ಕರೆ ಹಿಟ್ಟಾಗಿ ಹೊರಬರುತ್ತದೆ, ಫೋನಿನ ದನಿ ಎಲ್ಲಿ ಕೇಳಬೇಕು. ನಾನು ಮಾಡುತ್ತಲೇ ಇದ್ದೆ. ಮಧ್ಯಾಹ್ನದ ಹೋಳಿಗೆಯ ಊಟಕ್ಕೂ ಅಕ್ಕವ್ವ ಒಳಕೋಣೆಯ ಬಾಗಿಲು ಹಾಕಿಕೊಂಡಳು. ಸಿದ್ಧಲಿಂಗ ಬನ್ನಿ ತರಲು ಹೋದ. ಹೋಗುವಾಗ, ತರಲೋ ಬೇಡವೋ ಎಂದು ನನ್ನನ್ನು ಕೇಳಿದ. ಗಾಡಿ ತುಂಬ ತಾ ಎಂದೆ.

ಬಿಸಿಲು ಇಳಿಯುವಾಗ ಕಾಜಲಳೇ ಫೋನು ಮಾಡಿದಳು, ಮುಖ ಕಾಣುವ ಫೋನು. ಹಿಂದೆ ಸಮುದ್ರದಷ್ಟು ಜನ. ನಾನು ವಿಷಯ ಹೇಳಿದೆ. ಅವಳು ನಕ್ಕಳು. ಏನೂ ಆಗಿಲ್ಲ, ಬೀಗ ಬಿದ್ದಿದೆ ಅಷ್ಟೇ, ನಾನು ಹೇಳಿದಂತೆ ಮಾಡಿರಿ, ಡಬ್ಬಿಯನ್ನು ಫೋನಿಗೆ ತೋರಿಸಿರಿ ಎಂದಳು.

ಕಾಂಚನ ಡಬ್ಬಿಗೆ ಕೈ ಹಾಕಿದಳು. ಒಲೆಯ ಮೇಲೆ ಹೋಳಿಗೆ ಕರಕಲಾಗುತ್ತಿದೆ, ವಾಸನೆ ಬರುತ್ತಿದೆ ಎಂದೆ ನಾನು. ಒಲೆ ಆರಿ ಯಾವ ಕಾಲವಾಗಿತ್ತೋ. ಕಾಂಚನ ಜಾಣೆ, ನನ್ನ ಮುಖ ನೋಡಿ ಅಡುಗೆ ಮನೆಗೆ ಓಡಿದಳು. ಉಳಿದವರು ನಾವಿಬ್ಬರು. ನಾನು ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಆ ಎರಡೂ ಕೈಯನ್ನು ಮಲೇರಿಯಾ ಬಂದವರಂತೆ ನಡುಗಿಸಿದೆ.

"ನಾ ಫೋನ್ ಬಿಟ್ರ ಕೆಳಗ ಬೀಳತೈತಿ," ಎಂದೆ. "ಡಬ್ಬಿ ನೀನ ಹಿಡಿಬೇಕು, ಅಕ್ಕವ್ವಾ. ಆಗಲಿಲ್ಲಂದ್ರ ಹೇಳು, ಓಣ್ಯಾಗಿಂದ ಯಾರನ್ನರ ಕರೀತೀನಿ. ಜಿನೇಂದ್ರ ಅಂಗಡ್ಯಾಗ ಅದಾನ."

ಜಿನೇಂದ್ರ ಎದುರಿನ ಕಿರಾಣಿಯವನು. ಅವನೆದುರು ಬಲಗೈ ತೋರಿಸುವುದಕ್ಕಿಂತ ಅಕ್ಕವ್ವ ಬಾವಿಗೆ ಬಿದ್ದಾಳು. ಮೂಗಿನಲ್ಲಿ ಉಸಿರು ಬಿಟ್ಟು, ಡಬ್ಬಿಯನ್ನು ಎಡಗೈಯಲ್ಲಿ ಎತ್ತಿ ತೊಡೆಯ ಮೇಲಿಟ್ಟಳು.

"ಅಕ್ಕವ್ವಜ್ಜಿ, ಚೌಕ ನೋಡಕೋತ ಕೆಳಗ ಬರ್ರಿ," ಎಂದಳು ಕಾಜಲ. "ಎಲ್ಲಾ ಕೆಟ್ಟ ಕಾಣತಾವು, ಒಂದ ಮಾತ್ರ ನೆಟ್ಟಗ ಇರತೈತಿ. ಕೀಲಿ ಚಿತ್ರ. ಅದರ ಮ್ಯಾಲ ನಿಂತು ಬಲಕ್ಕ ಕೆಳಗಿನ ಗುಂಡಿ ಒತ್ರಿ. ಜೋರಲೆ."

ಎಡ ಹೆಬ್ಬೆರಳು ಕೀಲಿಯನ್ನು ಕ್ಷಣದಲ್ಲಿ ಹುಡುಕಿತು. ಬಲಗೈ ಸೆರಗಿನಿಂದ ಹೊರಬಂತು. ಹೆಬ್ಬೆರಳು ಹುಳದಂತೆ ತೆವಳಿ ಗುಂಡಿಯ ಮೇಲೆ ಹತ್ತಿತು. ಒತ್ತಿದಳು. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದಳು, ಪಕ್ಕದ ಗುಂಡಿಗೆ ಬಿದ್ದು ಚಿತ್ರ ಹಿಂದಕ್ಕೆ ಹೋಯಿತು. ಮತ್ತೆ ಕೆಳಗೆ ಬಂದು ಕೀಲಿ ಹಿಡಿದಳು. ಸಿದ್ಧಲಿಂಗ ಭಕ್ತಿಯಿಂದ ಹಚ್ಚಿದ ಅರಿಷಿಣ ನೀರು ಕುಡಿದು ಗುಂಡಿಯ ಸುತ್ತ ಗಾರೆಯಾಗಿ ಕೂತಿತ್ತು. ನನ್ನ ಬೆರಳಿಗೇ ಅದು ಜಗ್ಗುತ್ತಿರಲಿಲ್ಲ. ನನ್ನ ಬಾಯಿ ತನ್ನ ಕೆಲಸ ಬಿಡಲಿಲ್ಲ.

"ಕೊಲ್ಹಾಪುರದಾಗ ಜನಾ ಸೋನಾ ಲೂಟಿ ಮನೀಗೆ ಹೋದ್ರು," ಎಂದೆ. "ನೀ ಇನ್ನೂ ಒಂದ ಗುಂಡಿ ಲೂಟವಲ್ಲಿ."

"ಬಾಯಿ ಮುಚ್ಚು, ವೈನಿ."

"ಮುಚ್ಚತೀನಿ. ಮದಲ ನೀ ಒತ್ತು."

ಅಕ್ಕವ್ವ ತುಟಿ ಕಚ್ಚಿದಳು. ಹೆಬ್ಬೆರಳಿನ ಉಗುರು ಬೆಳ್ಳಗಾಯಿತು, ಮೊಳಕೈಯಿಂದ ಕೈಯೆಲ್ಲ ನಡುಗಿತು. ಖಟ್ ಎಂದಿತು. ಪರದೆ ಪೂರ್ತಿ ಕಪ್ಪಾಯಿತು.

ಹೋಯಿತು ಎಂದಳು ಅಕ್ಕವ್ವ. ಹಾಗೇ ಆಗಬೇಕು, ಸುಮ್ಮನಿರಿ ಎಂದಳು ಕಾಜಲ. ನಾನು ನನಗೆ ಗೊತ್ತಿರುವ ದೇವರನ್ನೆಲ್ಲ ಕರೆದೆ, ಗೊತ್ತಿಲ್ಲದ ಇಬ್ಬರನ್ನೂ ಸೇರಿಸಿದೆ. ಆಮೇಲೆ ಬೆಳಕು ಬಂತು. ಬೂದಿ ಬಣ್ಣದ ಚೌಕಗಳು ಒಂದೊಂದಾಗಿ ಕಣ್ಣು ಬಿಟ್ಟು ಬಣ್ಣ ತುಂಬಿಕೊಂಡವು. ಟ್ಯಾಂಕು ಬಂತು, ಸಂಗೀತ ಬಂತು.

ನಿನ್ನೆ ಮಲಗಿಸಿದ ಆಟ ಎಲ್ಲಿ ಎಂದು ಅಕ್ಕವ್ವ ಕೇಳಿದಳು. ಅದು ಸಿಗುವುದಿಲ್ಲ, ಬ್ಯಾಟರಿಯ ಜೊತೆ ಹೋಯಿತು, ಮೊದಲಿನಿಂದ ಆಡಬೇಕು ಎಂದಳು ಕಾಜಲ. ಅಷ್ಟರಲ್ಲಿ ಅಲ್ಲಿ ಜನ ನುಗ್ಗಿದರು, ಫೋನು ಕಟ್ಟಾಯಿತು. ನನಗೆ ಹೆದರಿಕೆಯಾಯಿತು. ಆ ಆಟ ಅವಳ ಇಷ್ಟು ದಿನದ ದುಡಿಮೆ. ಅದು ಹೋದ ನೆಪದಿಂದ ಮತ್ತೆ ಕೈಯನ್ನು ಸೆರಗಿಗೆ ಸೇರಿಸಿದರೆ ನಾನು ಇಚಲಕರಂಜಿಗೆ ಯಾವ ಮುಖ ಹೊತ್ತು ಹೋಗಲಿ.

ಅಕ್ಕವ್ವ ಡಬ್ಬಿಯನ್ನು ನೋಡುತ್ತಿರಲಿಲ್ಲ. ಹೆಬ್ಬೆರಳನ್ನು ನೋಡುತ್ತಿದ್ದಳು. ಅದರ ತುದಿಗೆ ಅರಿಷಿಣ ಹತ್ತಿ, ಗುಂಡಿಯ ಗುರುತು ಮೂಡಿತ್ತು.

"ಯಾವ ಕೈಲೆ ಒತ್ತಿದೆ ನಾ?" ಎಂದಳು.

"ನಂಗೇನ ಗೊತ್ತು," ಎಂದೆ. "ನಾ ಫೋನ್ ನೋಡಾಕತ್ತಿದ್ದೆ."

ಅವಳು ಮೊದಲ ಮಟ್ಟದಿಂದ ಆಟ ಶುರು ಮಾಡಿದಳು.

ದೀಪ ಹಚ್ಚುವ ಹೊತ್ತಿಗೆ ಓಣಿಯವರು ಬಂದರು. ಬಾಗಿಲು ತೆರೆದೇ ಇತ್ತು. ಹಾಕಿರಿ ಎಂದು ಅವಳು ಮತ್ತೆ ಹೇಳಲಿಲ್ಲ. ಹೇಳುವಷ್ಟು ಪುರುಸೊತ್ತೂ ಇರಲಿಲ್ಲ. ಮುಂದೆ ಜಿನೇಂದ್ರ, ಹಿಂದೆ ಅವನ ಹೆಂಡತಿ ಛಾಯಾ, ಅವರ ಹಿಂದೆ ಓಣಿಯ ಪೂರಾ ಮಂದಿ, ಕೈಯಲ್ಲಿ ಬನ್ನಿ ಹಿಡಿದು ಪಡಸಾಲೆಯ ತುಂಬ ನಿಂತರು. ಬಾಗಿಲು ಹಾಕುವ ಮಾತು ಎಲ್ಲರ ಕಿವಿಗೂ ಬಿದ್ದಿತ್ತು. ಎಲ್ಲರೂ ಗೋಡೆ ನೋಡುತ್ತಿದ್ದರು. ಕಾಂಚನ ಬನ್ನಿಯ ತಾಟನ್ನು ಅತ್ತೆಯ ಪಕ್ಕದಲ್ಲಿಟ್ಟು ಹಿಂದೆ ಸರಿದಳು.

ಅಕ್ಕವ್ವ ತಲೆ ಎತ್ತಲಿಲ್ಲ.

"ತಡೀರಿ," ಎಂದಳು. "ಹಕ್ಕೀ ಜೀವಾ ಹೋಗಾಕತ್ತೈತಿ."

ಹಬ್ಬದ ದಿನ ಗಡಹಿಂಗ್ಲಜದ ಇಡೀ ಓಣಿ ಒಂದು ಹಕ್ಕಿಗಾಗಿ ಉಸಿರು ಹಿಡಿದು ನಿಂತಿತು. ಮಕ್ಕಳು ಅವಳ ಭುಜದ ಮೇಲೆ ಬಗ್ಗಿದರು. ಜಿನೇಂದ್ರ ಚಪ್ಪಲಿ ಬಿಟ್ಟು ಒಳಗೆ ಬಂದು ಎಡಕ್ಕೆ ಬಲಕ್ಕೆ ಎಂದು ಸಲಹೆ ಕೊಡತೊಡಗಿದ. ನಿನ್ನ ತಕ್ಕಡಿಯ ಮುಳ್ಳು ಯಾವ ಕಡೆ ವಾಲುತ್ತದೆ ಎಂದು ನನಗೆ ಗೊತ್ತಿದೆ, ಸುಮ್ಮನಿರು ಎಂದಳು ಅಕ್ಕವ್ವ. ಪಡಸಾಲೆಯೆಲ್ಲ ನಕ್ಕಿತು. ಹೆಚ್ಚು ನಕ್ಕವನು ಜಿನೇಂದ್ರನೇ. ವರ್ಷದ ಟೋಮಣೆ ಅವನಿಗೆ ಸಿಕ್ಕಿತ್ತು.

ಕೊನೆಯ ವೈರಿ ಸುಟ್ಟುಹೋಯಿತು. ಅಕ್ಕವ್ವ ಆಟವನ್ನು ಮಲಗಿಸಿ, ಸೆರಗು ಸರಿ ಮಾಡಿಕೊಂಡು, ತಾಟಿಗೆ ಕೈ ಹಾಕಿದಳು. ಬಲಗೈ. ಬೆರಳು ಮೊದಲ ಎಲೆಯನ್ನು ಹಿಡಿದು ಬಿಟ್ಟಿತು, ಅದು ನೆಲಕ್ಕೆ ಬಿತ್ತು. ಛಾಯಾ ಬಗ್ಗಿ ಎತ್ತಿಕೊಡಲು ಹೊರಟಳು. ಬಿದ್ದದ್ದು ಭೂಮಿತಾಯಿಯದು, ಬಿಡು ಎಂದು ಅಕ್ಕವ್ವ ಇನ್ನೊಂದನ್ನು ಹಿಡಿದಳು. ಅದು ನಿಂತಿತು. ನಡುಗುತ್ತಾ ಹೋಗಿ ಜಿನೇಂದ್ರನ ಅಂಗೈಯಲ್ಲಿ ಕೂತಿತು.

"ಬನ್ನಿ ತಗೊಂಡು ಬಂಗಾರದಂಗ ಇರೂಣು," ಎಂದಳು.

ಯಾರೂ ಅಯ್ಯೋ ಪಾಪ ಅನ್ನಲಿಲ್ಲ. ಒಬ್ಬೊಬ್ಬರಿಗೆ ಎಲೆ ಕೊಡಲು ಅವಳಿಗೆ ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಆ ಹೊತ್ತನ್ನು ಅವಳು ಹಾಳು ಮಾಡಲಿಲ್ಲ, ಒಬ್ಬೊಬ್ಬರಿಗೆ ಎರಡೆರಡು ಟೋಮಣೆ ಕೊಟ್ಟಳು. ಮೂಲೆಯಲ್ಲಿ ಸಿದ್ಧಲಿಂಗ ತೆಂಗಿನಕಾಯಿಯೂ ಇಲ್ಲದ ಜಾಗವನ್ನು ನೋಡುತ್ತಾ ಕಣ್ಣು ಒರೆಸಿಕೊಂಡ.

ಎಲ್ಲರೂ ಹೋದ ಮೇಲೆ ನಾನು ಮುಂದೆ ಹೋಗಿ ಕೈ ಚಾಚಿದೆ. ನಾನು ವೈನಿ, ಅಣ್ಣನ ಹೆಂಡತಿ, ನೀನು ನನ್ನ ಕಾಲು ಮುಟ್ಟಿ ಬನ್ನಿ ಕೊಡಬೇಕು ಎಂದೆ. ಅಷ್ಟು ಕೆಳಗೆ ಬಗ್ಗಲು ಡಾಕ್ಟರು ಹೇಳಿಲ್ಲ ಎಂದಳು. ಉಳಿದ ಎಲೆಗಳನ್ನೆಲ್ಲ ಬಲಗೈಯಲ್ಲಿ ಬಾಚಿ ನನ್ನ ಅಂಗೈಗೆ ಇಟ್ಟಳು. ಇಟ್ಟವಳು ಬಿಡಲಿಲ್ಲ. ಎಲೆಯ ಸಮೇತ ನನ್ನ ಬೆರಳುಗಳನ್ನು ಹಿಡಿದುಕೊಂಡಳು.

"ಬಿಡಸ್ಕೋ ನೋಡೂಣು, ಚಾಂಪಿಯನ್," ಎಂದಳು.

ನಾನು ಎಳೆದೆ. ಎರಡು ಜೋಡಿ ಎತ್ತು ಹೂಡಿ ಎಳೆದಷ್ಟು ಎಳೆದೆ, ಆದರೂ ಕೈ ಬರಲಿಲ್ಲ ಎಂದು ಇಚಲಕರಂಜಿಯಲ್ಲಿ ಎಲ್ಲರಿಗೂ ಹೇಳಿದ್ದೇನೆ. ಹತ್ತರಲ್ಲಿ ಎಂಟು ಗಾಳಿ ಎಂದು ಕಾಜಲ ನಗುತ್ತಾಳೆ. ನಗಲಿ. ಒಂದು ಎತ್ತನ್ನೂ ನಾನು ಕಡಿಮೆ ಮಾಡುವುದಿಲ್ಲ.